ಡ್ಯುರಾಂಟ್ ಯಾಕೆ ಹೋದ?

ಕೇಳುಗರಿಗೆ ನಮಸ್ಕಾರ. ಕೆವಿನ್ ಡ್ಯುರಾಂಟ್ ಅನ್ನುವ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ತನ್ನ ತಂಡ ಬಿಟ್ಟು ಹೋದ ಕಥೆ ಇದು.

2016ರ ಮೇ 29, ಭಾನುವಾರ ಬೆಳಗ್ಗೆ. ಅಮೆರಿಕದ ಓಕ್ಲಹೋಮ ಸಿಟಿಯಲ್ಲಿ ಅದಿನ್ನೂ ಶನಿವಾರ ರಾತ್ರಿ. ನಮ್ಮ ಮನೆಯಲ್ಲಿ ಉಳಿದವರೆಲ್ಲ ಮಲಗಿದ್ದರು. ನಾನೊಬ್ಬನೇ ಟಿವಿ ಮುಂದೆ, ಸದ್ದು ಕಡಿಮೆ ಮಾಡಿಕೊಂಡು ಕೂತಿದ್ದೆ. ರಾತ್ರಿ ಉಳಿದ ಉಪ್ಪಿಟ್ಟನ್ನು ಬಿಸಿ ಮಾಡಿ ತಟ್ಟೆಗೆ ಹಾಕಿಕೊಂಡಿದ್ದೆ. ಪಂದ್ಯ ಮುಗಿಯುವ ಹೊತ್ತಿಗೆ ಅದು ಮತ್ತೆ ಆರಿ, ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾಗಿತ್ತು.

ಅವತ್ತು ಆಡುತ್ತಿದ್ದದ್ದು ಓಕ್ಲಹೋಮ ಸಿಟಿ ಥಂಡರ್ ಮತ್ತು ಗೋಲ್ಡನ್ ಸ್ಟೇಟ್ ವಾರಿಯರ್ಸ್. ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ, ಫೈನಲ್‌ಗೆ ಮುಂಚಿನ ಸರಣಿ. ಏಳು ಪಂದ್ಯದಲ್ಲಿ ನಾಲ್ಕು ಗೆದ್ದವರು ಫೈನಲ್‌ಗೆ. ವಾರಿಯರ್ಸ್ ಆ ಋತುವಿನಲ್ಲಿ 82 ಪಂದ್ಯಗಳಲ್ಲಿ 73 ಗೆದ್ದು ದಾಖಲೆ ಮಾಡಿದ್ದ ತಂಡ. ಅಂಥವರನ್ನು ಥಂಡರ್ 3-1ರಿಂದ ಮೂಲೆಗೆ ಒತ್ತಿತ್ತು. ಐದನೆಯದನ್ನು ವಾರಿಯರ್ಸ್ ಹೇಗೋ ಉಳಿಸಿಕೊಂಡಿತು. ಇದು ಆರನೆಯದು, ಥಂಡರ್‌ನ ಊರಿನಲ್ಲೇ. ಆಟ ಮುಗಿಯಲು ಐದು ನಿಮಿಷ ಇದೆ, ಥಂಡರ್ 96-89ರಿಂದ ಮುಂದಿದೆ. ಇನ್ನೇನು, ಮುಗೀತು ಅಂದುಕೊಂಡೆ.

ಮುಗಿಯಲಿಲ್ಲ. ಕ್ಲೇ ಥಾಂಪ್ಸನ್ ಅನ್ನುವ ಮಾತು ಕಡಿಮೆ ಆಡುವ ಆಟಗಾರ ಅವತ್ತು ದೂರದಿಂದ, ತಲಾ ಮೂರು ಅಂಕದ 11 ಹೊಡೆತ ಹಾಕಿದ. ಒಟ್ಟು 41 ಅಂಕ. ಎದುರಿಗೆ ಕೈ ಇರಲಿ, ಇಲ್ಲದಿರಲಿ, ಎಸೆದದ್ದೆಲ್ಲ ಬುಟ್ಟಿಗೆ. ಈ ಕಡೆ ಥಂಡರ್‌ನ ಕೈಯಿಂದ ಚೆಂಡೇ ಜಾರತೊಡಗಿತು. ಕೊನೆಯ ಐದು ನಿಮಿಷದಲ್ಲಿ ವಾರಿಯರ್ಸ್ 19 ಅಂಕ, ಥಂಡರ್ 5. ಥಂಡರ್‌ನ ದೊಡ್ಡ ಆಟಗಾರ ಕೆವಿನ್ ಡ್ಯುರಾಂಟ್ ಅವತ್ತು 31 ಸಲ ಎಸೆದು 10 ಸಲ ಮಾತ್ರ ಹಾಕಿದ. ಎರಡು ದಿನ ಬಿಟ್ಟು ಏಳನೇ ಪಂದ್ಯವನ್ನೂ ಸೋತರು.

ಮುಂದೆ ಐದೇ ವಾರ. ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಡ್ಯುರಾಂಟ್ ಒಂದು ಪ್ರಕಟಣೆ ಬರೆದ. ಥಂಡರ್ ಬಿಡುತ್ತಿದ್ದೇನೆ, ವಾರಿಯರ್ಸ್ ಸೇರುತ್ತಿದ್ದೇನೆ ಅಂತ. ತನ್ನನ್ನು ಸೋಲಿಸಿದವರ ಮನೆಗೇ ಹೊರಟ.

(ನಡುವೆ ಒಂದು ಮಾತು. ಡ್ಯುರಾಂಟ್‌ನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ, ಅಗೌರವ ಅಂದುಕೊಳ್ಳಬೇಡಿ. ಆಟಗಾರರ ವಿಷಯದಲ್ಲಿ ಅಭಿಮಾನಿಗಳ ಬಾಯಿಗೆ ಬರುವುದೇ ಹಾಗೆ.)

ಇದು ಹೇಗೆ ಸಾಧ್ಯ ಅಂತ ಕೆಲವರು ಕೇಳಬಹುದು. ನಮಗೆ ಐಪಿಎಲ್ ಹರಾಜು ಚೆನ್ನಾಗಿ ಗೊತ್ತು. ಸುತ್ತಿಗೆ ಬಿದ್ದ ಕಡೆ ಆಟಗಾರ ಹೋಗಬೇಕು, ಅವನ ಇಷ್ಟ ಯಾರೂ ಕೇಳುವುದಿಲ್ಲ. ಎನ್‌ಬಿಎಯಲ್ಲಿ ಒಪ್ಪಂದದ ಅವಧಿ ಮುಗಿದ ಆಟಗಾರ ಸ್ವತಂತ್ರ. ಇದಕ್ಕೆ ಫ್ರೀ ಏಜೆನ್ಸಿ ಅಂತಾರೆ. ಗಂಡಿನ ಕಡೆಯವರು ಹೆಣ್ಣು ನೋಡಲು ಬಂದ ಹಾಗೆ ತಂಡಗಳೇ ಅವನ ಬಾಗಿಲಿಗೆ ಬರುತ್ತವೆ. ಆ ಬೇಸಿಗೆಯಲ್ಲಿ ಡ್ಯುರಾಂಟ್ ನ್ಯೂಯಾರ್ಕ್ ಹತ್ತಿರದ ಹ್ಯಾಂಪ್ಟನ್ಸ್‌ನಲ್ಲಿ ಒಂದು ಮನೆ ಹಿಡಿದು ಕೂತಿದ್ದ. ಒಂದಾದ ಮೇಲೊಂದು ತಂಡದವರು ಬಂದರು. ಬಾಸ್ಟನ್‌ನವರು ಜೊತೆಗೆ ಟಾಮ್ ಬ್ರೇಡಿಯನ್ನು ಕರೆದುಕೊಂಡು ಬಂದರು. ಅವನು ಅಮೆರಿಕನ್ ಫುಟ್‌ಬಾಲ್‌ನ ದೊರೆ, ಬ್ಯಾಸ್ಕೆಟ್‌ಬಾಲ್‌ಗೂ ಅವನಿಗೂ ಏನು ಸಂಬಂಧ ಅಂತ ಕೇಳಬೇಡಿ. ವಾರಿಯರ್ಸ್‌ನವರು ಕೋಚ್ ಮತ್ತು ಮ್ಯಾನೇಜರ್ ಜೊತೆ ತಮ್ಮ ನಾಲ್ಕು ಮುಖ್ಯ ಆಟಗಾರರನ್ನೇ ಕರೆತಂದರು. ಕರಿ, ಥಾಂಪ್ಸನ್, ಗ್ರೀನ್, ಇಗ್ವೊಡಾಲಾ. ಐದು ವಾರದ ಹಿಂದೆ 11 ಹೊಡೆತ ಹಾಕಿ ಮನೆ ಮುರಿದವನೇ ಈಗ ಸೋಫಾ ಮೇಲೆ ಕೂತು, ಬಾ, ಒಟ್ಟಿಗೆ ಆಡೋಣ ಅಂತಾನೆ! ಜೊತೆಗೆ ಜೆರ್ರಿ ವೆಸ್ಟ್ ಫೋನಿನಲ್ಲಿ ಮಾತಾಡಿದ. ಆಗ ವಾರಿಯರ್ಸ್‌ಗೆ ಸಲಹೆಗಾರನಾಗಿದ್ದ ಮುದುಕ. ತನ್ನ ಕಾಲದಲ್ಲಿ ಎಂಟು ಫೈನಲ್ ಸೋತು ಒಂದೇ ಒಂದು ಗೆದ್ದವನು. ಸೋಲು ಎಷ್ಟು ವರ್ಷ ಕುಟುಕುತ್ತದೆ ಅಂತ ಹೇಳಲು ಅವನಿಗಿಂತ ಸರಿಯಾದವರು ಯಾರಿದ್ದರು?

ಓಕ್ಲಹೋಮದಲ್ಲಿ ಜನ ಡ್ಯುರಾಂಟ್‌ನ 35ನೇ ನಂಬರಿನ ಅಂಗಿ ಸುಟ್ಟರು. ಎಂಟು ವರ್ಷ ಒಟ್ಟಿಗೆ ಆಡಿದ್ದ ರಸೆಲ್ ವೆಸ್ಟ್‌ಬ್ರೂಕ್ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ತಟ್ಟೆ ಕಪ್‌ಕೇಕ್ ಚಿತ್ರ ಹಾಕಿದ. ಥಂಡರ್‌ನವರ ಒಳಮಾತಿನಲ್ಲಿ ಕಪ್‌ಕೇಕ್ ಅಂದರೆ ಮೆತ್ತಗಿನವನು, ಗಟ್ಟಿ ಇಲ್ಲದವನು. ಅಷ್ಟೇ ಸಾಕಾಯಿತು. ಮುಂದಿನ ಫೆಬ್ರವರಿಯಲ್ಲಿ ಡ್ಯುರಾಂಟ್ ಹಳೇ ಊರಿಗೆ ಆಡಲು ಬಂದಾಗ ಗ್ಯಾಲರಿ ತುಂಬ ಕಪ್‌ಕೇಕ್. ಟೀ ಶರ್ಟಿನ ಮೇಲೆ ಕಪ್‌ಕೇಕ್, ಫಲಕದ ಮೇಲೆ ಕಪ್‌ಕೇಕ್, ಕಪ್‌ಕೇಕ್ ವೇಷ ಹಾಕಿ ಬಂದವರು ಬೇರೆ. 2013ರಲ್ಲಿ ಸುಂಟರಗಾಳಿ ಬಂದು ಓಕ್ಲಹೋಮದ ಮೂರ್ ಅನ್ನುವ ಊರು ನೆಲಸಮ ಆದಾಗ ಇದೇ ಮನುಷ್ಯ ಪರಿಹಾರಕ್ಕೆ 10 ಲಕ್ಷ ಡಾಲರ್ ಕೊಟ್ಟಿದ್ದ. ಅವತ್ತು ಅದು ಯಾರಿಗೂ ನೆನಪಿಗೆ ಬರಲಿಲ್ಲ. ಡ್ಯುರಾಂಟ್ 34 ಅಂಕ ಹಾಕಿ ಗೆದ್ದು ಹೋದ.

ಇಷ್ಟು ಕಥೆ. ಈಗ ತಕರಾರಿಗೆ ಬರೋಣ. ಹೋಗಿದ್ದು ಸರಿಯೋ ತಪ್ಪೋ?

ತಪ್ಪು ಅನ್ನುವವರ ಮಾತು ಗೊತ್ತೇ ಇದೆ. 73 ಗೆದ್ದ ತಂಡಕ್ಕೆ ಇನ್ನೊಬ್ಬ ಸೇರಿ ಕಪ್ ಗೆಲ್ಲುವುದರಲ್ಲಿ ಏನು ಗಂಡಸ್ತನ? ಸೋತ ಕಡೆ ನಿಂತು ಗೆಲ್ಲಬೇಕಿತ್ತು. ಕೊನೇಪಕ್ಷ ಇನ್ನೊಂದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿ 2017ರಲ್ಲಿ ಮತ್ತೆ ಯೋಚಿಸಬಹುದಿತ್ತು. ಈ ಕೊನೆಯ ಮಾತಿನಲ್ಲಿ ದುಡ್ಡಿನ ಲೆಕ್ಕವೂ ಇತ್ತು. ಹತ್ತು ವರ್ಷ ಆಡಿದವರಿಗೆ ಸಂಬಳದ ಮಿತಿ ಜಾಸ್ತಿ. ಡ್ಯುರಾಂಟ್‌ಗೆ ಆಗ ಒಂಬತ್ತು ವರ್ಷ. ಒಂದು ವರ್ಷ ತಡೆದಿದ್ದರೆ ಇನ್ನೂ ದೊಡ್ಡ ಮೊತ್ತಕ್ಕೆ ಕೈ ಹಾಕಬಹುದಿತ್ತು. ಎಲ್ಲರೂ ಅದನ್ನೇ ಮಾಡುತ್ತಾನೆ ಅಂದುಕೊಂಡಿದ್ದರು.

ನನಗೆ ಈ ವಾದದಲ್ಲಿ ಒಂದು ಕಡೆ ಮಾತ್ರ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಅವನ ಗುಣದ ಪ್ರಶ್ನೆ ಮಾಡಿಬಿಟ್ಟರು. ಧೈರ್ಯ ಇಲ್ಲ, ನಿಯತ್ತಿಲ್ಲ ಅಂತ. ಆದರೆ ಆ ಬಾಗಿಲು ತೆರೆದಿದ್ದು ಯಾಕೆ ನೋಡಿ. ಎನ್‌ಬಿಎ ತಂಡಗಳಿಗೆ ಸಂಬಳದ ಒಟ್ಟು ಮಿತಿ ಇರುತ್ತೆ, ಸ್ಯಾಲರಿ ಕ್ಯಾಪ್ ಅಂತ. ಅದು ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರುತ್ತೆ. ಆ ವರ್ಷ ಒಂಬತ್ತು ವರ್ಷಕ್ಕೆ 2,400 ಕೋಟಿ ಡಾಲರ್‌ನ ಹೊಸ ಟಿವಿ ಒಪ್ಪಂದ ಜಾರಿಗೆ ಬರುವುದಿತ್ತು. ಮಿತಿ 7 ಕೋಟಿ ಡಾಲರ್‌ನಿಂದ ಒಂದೇ ನೆಗೆತಕ್ಕೆ 9 ಕೋಟಿ 40 ಲಕ್ಷ ದಾಟಿತು. ಇದನ್ನು ಕೆಲವು ವರ್ಷಗಳಿಗೆ ಹಂಚೋಣ ಅಂತ ಲೀಗ್ ಹೇಳಿತ್ತು. ಆಟಗಾರರ ಸಂಘ ಒಪ್ಪಲಿಲ್ಲ. ಹಾಗಾಗಿ ಆ ಒಂದೇ ಬೇಸಿಗೆಯಲ್ಲಿ ವಾರಿಯರ್ಸ್‌ನಂಥ ತುಂಬಿದ ಮನೆಯಲ್ಲೂ ಇನ್ನೊಂದು ಕೋಣೆ ಖಾಲಿ ಸಿಕ್ಕಿತು. ಅದಕ್ಕೂ ಹ್ಯಾರಿಸನ್ ಬಾರ್ನ್ಸ್, ಆಂಡ್ರೂ ಬೋಗಟ್ ಇಬ್ಬರನ್ನೂ ಡಲ್ಲಾಸ್‌ಗೆ ಬಿಟ್ಟುಕೊಡಬೇಕಾಯಿತು. ಟಿವಿಯವರ ಸಹಿ ಇಲ್ಲದಿದ್ದರೆ ಡ್ಯುರಾಂಟ್ ಎಷ್ಟೇ ಆಸೆಪಟ್ಟರೂ ಅಲ್ಲಿಗೆ ಹೋಗುವುದು ಸುಲಭವಿರಲಿಲ್ಲ. ಆಗ ನಾವು ಅವನನ್ನು ನಿಯತ್ತಿನ ಮನುಷ್ಯ ಅಂತ ಹೊಗಳುತ್ತಿದ್ದೆವು, ಅಲ್ವಾ?

ಇನ್ನೊಂದು. ಕ್ಲೇ ಥಾಂಪ್ಸನ್‌ನ ಎರಡು ಹೊಡೆತ ರಿಂಗಿಗೆ ತಾಗಿ ಹೊರಗೆ ಬಿದ್ದಿದ್ದರೆ? ಥಂಡರ್ ಫೈನಲ್‌ಗೆ ಹೋಗುತ್ತಿತ್ತು. ಅಥವಾ ಫೈನಲ್‌ನಲ್ಲಿ (ಅದೂ ಏಳು ಪಂದ್ಯದ ಸರಣಿಯೇ) ವಾರಿಯರ್ಸ್ ತಾನೂ 3-1ರ ಮುನ್ನಡೆ ಕಳೆದುಕೊಂಡು ಕ್ಲೀವ್‌ಲ್ಯಾಂಡ್‌ಗೆ ಸೋಲದೇ ಇದ್ದಿದ್ದರೆ? ಗೆದ್ದು ಕೂತ ತಂಡಕ್ಕೆ ಇವನ ಹಿಂದೆ ಬೀಳುವ ಅವಸರವೂ ಇರುತ್ತಿರಲಿಲ್ಲ. ಸೋತವರು ಸೋತವನನ್ನು ಹುಡುಕಿಕೊಂಡು ಬಂದರು.

ಫಲಿತಾಂಶ ನೋಡಿದರೆ 2017ರಲ್ಲಿ ಕಪ್, 2018ರಲ್ಲಿ ಕಪ್. ಎರಡು ಸಲವೂ ಫೈನಲ್‌ನ ಅತ್ಯುತ್ತಮ ಆಟಗಾರ ಡ್ಯುರಾಂಟೇ. 2017ರ ಪ್ಲೇಆಫ್‌ನಲ್ಲಿ ಆ ತಂಡ 17 ಪಂದ್ಯ ಆಡಿ ಒಂದೇ ಒಂದು ಸೋತಿತು. ನಿಜ ಹೇಳಬೇಕಂದರೆ ನೋಡಲು ಬೇಜಾರಾಗುತ್ತಿತ್ತು. ಯಾರು ಗೆಲ್ಲುತ್ತಾರೆ ಅಂತ ಟಾಸಿಗೆ ಮುಂಚೆಯೇ ಗೊತ್ತಿರುವ ಗಲ್ಲಿ ಕ್ರಿಕೆಟ್ ಹಾಗೆ. ನನ್ನ ಸಿಟ್ಟು ಇಷ್ಟೇ. 2016ರ ಆ ಸರಣಿಯ ಮುಂದಿನ ಭಾಗ ನಮಗೆ ಬರಬೇಕಿತ್ತು, ಅವನು ಅದನ್ನು ಕಿತ್ತುಕೊಂಡು ಹೋದ. ಅದು ನೋಡುವವನ ನಷ್ಟ. ಅದನ್ನು ಅವನ ತಪ್ಪಿನ ಖಾತೆಗೆ ಬರೆಯುವುದು ಹೇಗೆ?

ಬೆಂಗಳೂರಿನವರು ಇದನ್ನು ಇನ್ನೊಂದು ರೀತಿ ನೋಡಿದ್ದಾರೆ. 2025ರ ಏಪ್ರಿಲ್‌ನಲ್ಲಿ ಕೆ.ಎಲ್. ರಾಹುಲ್ ಡೆಲ್ಲಿ ಪರ ಆಡಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿಯನ್ನೇ ಸೋಲಿಸಿದ. ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಇದು ನನ್ನ ಜಾಗ ಅಂತ ತೋರಿಸಿದ. ಹೊಟ್ಟೆ ಉರಿಯಿತು, ಸರಿ. ಆದರೆ ರಾಹುಲ್‌ನನ್ನು ಯಾರು ದ್ರೋಹಿ ಅಂದರು? ಬೈಗುಳ ಬಿದ್ದದ್ದು ಹರಾಜಿನಲ್ಲಿ ಅವನನ್ನು ಬಿಟ್ಟುಕೊಟ್ಟವರಿಗೆ. ಡ್ಯುರಾಂಟ್‌ಗೆ ಆಯ್ಕೆ ಇತ್ತು. ಅದಕ್ಕೇ ಬೈಗುಳವೆಲ್ಲ ಅವನ ಪಾಲಿಗೆ ಬಂತು.

ತಪ್ಪು ಹುಡುಕಲೇಬೇಕು ಅಂದರೆ ನಾನು 2019ಕ್ಕೆ ಹೋಗುತ್ತೇನೆ. ಟೊರಾಂಟೊದಲ್ಲಿ ನಡೆದ ಫೈನಲ್‌ನ ಐದನೇ ಪಂದ್ಯದಲ್ಲಿ ಡ್ಯುರಾಂಟ್‌ನ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಆ ಬೇಸಿಗೆಯಲ್ಲೇ ವಾರಿಯರ್ಸ್ ಬಿಟ್ಟು ಬ್ರೂಕ್ಲಿನ್‌ಗೆ ಹೋದ. ಅಲ್ಲಿ ಇದ್ದಷ್ಟು ಕಾಲ ಗೆದ್ದದ್ದು ಒಂದೇ ಒಂದು ಪ್ಲೇಆಫ್ ಸರಣಿ. 2021ರಲ್ಲಿ ಮಿಲ್ವಾಕಿ ವಿರುದ್ಧ ಕೊನೇ ಕ್ಷಣದಲ್ಲಿ ಹಾಕಿದ ಹೊಡೆತ ಮೂರು ಅಂಕದ್ದಾಗಿದ್ದರೆ ಪಂದ್ಯ ಗೆದ್ದೇಬಿಡುತ್ತಿದ್ದರು. ಶೂ ತುದಿ ಮೂರು ಅಂಕದ ಗೆರೆಯ ಮೇಲಿತ್ತು, ಎರಡೇ ಅಂಕ. ಹೆಚ್ಚುವರಿ ಸಮಯದಲ್ಲಿ ಸೋತರು. ಆಮೇಲೆ ಫೀನಿಕ್ಸ್, ಆಮೇಲೆ ಹ್ಯೂಸ್ಟನ್. ಅತ್ತ ವಾರಿಯರ್ಸ್ 2022ರಲ್ಲಿ ಅವನಿಲ್ಲದೆ ಗೆದ್ದಿತು. ಓಕ್ಲಹೋಮ 2025ರಲ್ಲಿ ಗೆದ್ದಿತು. ಬಿಟ್ಟು ಬಂದ ಎರಡು ಮನೆಯಲ್ಲೂ ಹಬ್ಬ. ಆದರೂ 2019ರ ಬಗ್ಗೆ ಜಗಳ ಆಡುವವರು ಕಡಿಮೆ. ಅಲ್ಲಿ ಕಪ್‌ಕೇಕ್ ಇರಲಿಲ್ಲವಲ್ಲ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನನ್ನ ಅಕ್ಕನ ಮಗ ಇದ್ದಾನೆ. ಪಕ್ಕಾ ವಾರಿಯರ್ಸ್ ಅಭಿಮಾನಿ. 2016ರಲ್ಲೇ ಡ್ಯುರಾಂಟ್‌ನ ಅಂಗಿ ತಂದಿದ್ದ. 2019ರಲ್ಲಿ ಅವನು ಬಿಟ್ಟುಹೋದಾಗ, ಇನ್ನು 35ನೇ ನಂಬರ್ ಇನ್ಯಾರಿಗೂ ಕೊಡುವುದಿಲ್ಲ ಅಂತ ತಂಡದ ಒಡೆಯ ಹೇಳಿದ. ನಮ್ಮ ಹುಡುಗನಿಗೆ ಆ ದೊಡ್ಡಮನಸ್ಸು ಬರಲಿಲ್ಲ. ಸುಡಲೂ ಇಲ್ಲ, ಮಡಿಸಿ ಇಡಲೂ ಇಲ್ಲ. ಭಾನುವಾರ ಅದನ್ನು ಹಾಕಿಕೊಂಡು ಕಾರು ತೊಳೆಯುತ್ತಾನೆ. ವಿಡಿಯೋ ಕಾಲ್‌ನಲ್ಲಿ ನೋಡಿದ್ದೇನೆ, 5 ಅರ್ಧ ಅಳಿಸಿಹೋಗಿದೆ.

ಈ ವಾದವನ್ನೆಲ್ಲ ಅವನ ಮುಂದೆ ಒಮ್ಮೆ ಹೇಳಿದೆ. ಸ್ಯಾಲರಿ ಕ್ಯಾಪ್, ಟಿವಿ ದುಡ್ಡು, ಜೆರ್ರಿ ವೆಸ್ಟ್, ಎಲ್ಲ. ಪೂರ್ತಿ ಕೇಳಿಸಿಕೊಂಡ. ಪೈಪ್ ನಿಲ್ಲಿಸಿ, "ಅದೆಲ್ಲ ಸರಿ ಮಾವ, ಆ ಜಾಗದಲ್ಲಿ ನೀನಾಗಿದ್ರೆ?" ಅಂದ.

ಆ ಐದು ನಿಮಿಷ ನೆನಪಾಯಿತು. 96-89.

"ಇನ್ನೊಂದು ವರ್ಷ ಇದ್ದುಬಿಡ್ತಿದ್ದೆ ಕಣೋ" ಅಂದೆ.

ನಮಸ್ಕಾರ.