ಹವಳದ ತೊಟ್ಟಿಯ ನೀರು ಎಷ್ಟು ಬೆಚ್ಚಗಿರಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ಒಂದು ಏಪ್ರಿಲ್ ಸಂಜೆ. ಮನೆಗೆ ಬಂದು ನೋಡಿದರೆ ಹವಳ, ಮೀನು ಸಾಕುವ ನನ್ನ 60 ಲೀಟರಿನ ಪುಟ್ಟ ಉಪ್ಪುನೀರಿನ ತೊಟ್ಟಿಯ ಥರ್ಮಾಮೀಟರ್ 29.5 ಡಿಗ್ರಿ ತೋರಿಸುತ್ತಿತ್ತು. ಬೆಳಗ್ಗೆ 26 ಇತ್ತು. ಮುಚ್ಚಳ ಹಾಕಿ, ದೀಪ ಹಚ್ಚಿಟ್ಟು ಹೋಗಿದ್ದೆ. ದಿನವೆಲ್ಲ ಅರಳಿ ತೂಗಾಡುವ ಮೃದು ಹವಳ ಮುದುಡಿ, ಚರ್ಮದ ಮುದ್ದೆಯ ಹಾಗೆ ಕೂತಿತ್ತು. ಕ್ಲೌನ್ ಮೀನುಗಳು ಮೇಲಕ್ಕೆ ಬಂದು ಬೇಗ ಬೇಗ ಕಿವಿರು ಆಡಿಸುತ್ತಿದ್ದವು.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಮೀನಿಗೆ ಅದು ಜಾಸ್ತಿ ಬೇಕಾಗುವುದೂ ಆಗಲೇ. ಇನ್ನು ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಹವಳಕ್ಕೆ ಊಟ, ಬಣ್ಣ ಎರಡೂ ಬಹುಪಾಲು ಅದರಿಂದಲೇ. ಬಿಸಿ ತಡೆಯಲಾರದೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. 1998ರಲ್ಲಿ, 2010ರಲ್ಲಿ ಲಕ್ಷದ್ವೀಪದ ಕಡಲಲ್ಲಿ ಆದದ್ದು ಇದೇ. ಮಾಮೂಲಿ ಬೇಸಿಗೆಗಿಂತ ಒಂದೇ ಡಿಗ್ರಿ ಹೆಚ್ಚಾಗಿ, ಕೆಲವು ವಾರ ಹಾಗೇ ನಿಂತರೆ ಸಾಕು.

ಮನೆಯ ತೊಟ್ಟಿಗೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು. ನಾನು 25.5ಕ್ಕೆ ಇಡುತ್ತೇನೆ. ಯಾಕೆ ಅಂದರೆ, ಬೇಸಿಗೆಯಲ್ಲಿ ಕರೆಂಟ್ ಹೋದರೆ ನೀರು ಎರಡು ಡಿಗ್ರಿ ಏರಿದರೂ ಜೀವಕ್ಕೆ ಅಪಾಯವಿಲ್ಲ. ಮೊದಲೇ 27.5 ಇದ್ದರೆ? ಆದರೆ ಅಂಕಿಗಿಂತ ಮುಖ್ಯ, ಅದು ಕದಲದೆ ಇರುವುದು. ಹಗಲು 28, ರಾತ್ರಿ 24 ಅಂತ ಓಲಾಡುವ ನೀರಿಗಿಂತ ಸದಾ 26.5 ಇರುವ ನೀರೇ ವಾಸಿ.

ಬೆಂಗಳೂರಿನಲ್ಲೂ ಹೀಟರ್ ಬೇಕು. ಜನವರಿಯ ರಾತ್ರಿ 15 ಡಿಗ್ರಿಗೆ ಇಳಿಯುತ್ತದೆ, ಅಲ್ವಾ? ಆದರೆ ಹೀಟರಿನ ಮೇಲಿನ ಅಂಕಿಯನ್ನೇ ನಂಬಬೇಡಿ. ಅದು ಆಫ್ ಆಗದೆ ಸಿಕ್ಕಿಕೊಳ್ಳುವುದುಂಟು. ಬೇರೆ ಥರ್ಮಾಮೀಟರ್ ಒಂದು ಇರಲೇಬೇಕು.

ಬೇಸಿಗೆಗೆ ನೀರಿನ ಮೇಲೆ ಗಾಳಿ ಬೀಸುವ ಚಿಕ್ಕ ಫ್ಯಾನ್ ಸಾಕು. ಮಡಕೆಯ ನೀರು ತಣ್ಣಗಾಗುವ ಹಾಗೆ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಜಿಗುಟು ಸೆಕೆಯಲ್ಲಿ ಇದು ಅಷ್ಟಾಗಿ ನಡೆಯದು, ಅಲ್ಲಿ ನೀರು ತಣ್ಣಗಾಗಿಸುವ ಯಂತ್ರ, ಅಂದರೆ ಚಿಲ್ಲರ್, ಬೇಕಾಗಬಹುದು. ಒಂದು ಮಾತು ನೆನಪಿಡಿ: ಆರಿಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೆ ಆರ್‌ಒ ಸಿಹಿನೀರನ್ನೇ ಹಾಕಿ, ಉಪ್ಪುನೀರು ಬೇಡ.

ಆ ಸಂಜೆ ನಾನು ಮುಚ್ಚಳ ತೆಗೆದೆ, ದೀಪ ಆರಿಸಿದೆ, ಫ್ಯಾನ್ ಹಚ್ಚಿದೆ. ಐಸ್ ಸುರಿಯಲಿಲ್ಲ. ತಟ್ಟನೆ ತಣ್ಣಗಾದರೆ ಅದೂ ಪೆಟ್ಟೇ. ರಾತ್ರಿ ಹನ್ನೊಂದಕ್ಕೆ 27ಕ್ಕೆ ಬಂತು. ಮೀನುಗಳು ಕೆಳಗಿಳಿದವು. ಹವಳ ಮಾತ್ರ ಮೂರನೇ ದಿನ ಬೆಳಗ್ಗೆ ಒಂದೊಂದೇ ಎಳೆ ಬಿಚ್ಚಿತು.

ನಮಸ್ಕಾರ.