ಜಡ್ಜ್‌ಗಳು ಯಾರನ್ನು ಕೇಳಿ ತಿಳಿದುಕೊಳ್ಳುತ್ತಾರೆ?

ಎಲ್ಲರಿಗೂ ನಮಸ್ಕಾರ.

ತೀರ್ಪು ಬರೆಯುವಾಗ ನ್ಯಾಯಾಧೀಶರು ಒಬ್ಬರೇ. ಆದರೆ ಅದಕ್ಕೆ ಬೇಕಾದ ತಿಳಿವಳಿಕೆಯಲ್ಲಿ ಜೊತೆಯ ನ್ಯಾಯಾಧೀಶರ ಪಾಲು ದೊಡ್ಡದು. ಅದು ಒಬ್ಬರಿಂದ ಒಬ್ಬರಿಗೆ ಹೇಗೆ ದಾಟುತ್ತದೆ, ನಮ್ಮ ಕಾಸರಗೋಡಿನಲ್ಲಿ ಎಲ್ಲಿ ಸೋರಿಹೋಗುತ್ತದೆ, ಇವತ್ತು ಇಷ್ಟೇ ನನ್ನ ಮಾತು. ನಾನು ವಕೀಲ, ಪೀಠದ ಈಚೆ ನಿಂತು ಕಂಡದ್ದನ್ನು ಹೇಳುತ್ತೇನೆ.

ಅಧಿಕೃತ ದಾರಿಗಳು ನಿಮಗೆ ಗೊತ್ತಿರುವಂಥವೇ. ಸುಪ್ರೀಂ ಕೋರ್ಟು ಹೇಳಿದ ಕಾನೂನನ್ನು ಸಂವಿಧಾನದ 141ನೇ ವಿಧಿಯಂತೆ ಎಲ್ಲ ಕೋರ್ಟುಗಳೂ ಪಾಲಿಸಬೇಕು. ಹೈಕೋರ್ಟಿನಿಂದ ಸುತ್ತೋಲೆ ಬರುತ್ತದೆ. ಭೋಪಾಲದಲ್ಲಿ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿ ಇದೆ, ಕೇರಳದ್ದು ಆಲುವಾ ಹತ್ತಿರ ಅತ್ತಾಣಿಯಲ್ಲಿದೆ. ನ್ಯಾಯಾಧೀಶರಿಗೆ ತರಬೇತಿ ಸಂಸ್ಥೆ ಬೇಕು ಅಂತ ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತ್ತು. ಅದೇ ತೀರ್ಪಿನಲ್ಲಿ, ಪ್ರತಿಯೊಬ್ಬರ ಮನೆಯಲ್ಲೂ ಕೆಲಸಕ್ಕೆ ಬೇಕಾದ ಪುಸ್ತಕಗಳ ಒಂದು ಲೈಬ್ರರಿ ಇರಬೇಕು ಅಂತಲೂ ಇದೆ. ಮನೆಯಲ್ಲಿ! ತೀರ್ಪು ಬರೆಯುವ ಕೆಲಸ ಎಷ್ಟು ಹೊತ್ತಿನವರೆಗೆ ನಡೆಯುತ್ತದೆ ಅಂತ ಬಲ್ಲವರೇ ಈ ಮಾತು ಬರೆದದ್ದು.

ಕಾನೂನಿನ ತೊಡಕು ಬಂದರೆ ಕೆಳಗಿನ ಕೋರ್ಟು ಹೈಕೋರ್ಟನ್ನೇ ಕೇಳುವ ದಾರಿಯೂ ಇದೆ, ಸಿವಿಲ್ ಪ್ರೊಸೀಜರ್ ಕೋಡಿನ 113ನೇ ಸೆಕ್ಷನ್. ಆ ಬಾಗಿಲು ತಟ್ಟುವವರು ಕಮ್ಮಿ. ಇನ್ನು ಅಪೀಲು. ತಪ್ಪಿದ್ದೆಲ್ಲಿ ಅಂತ ಮೇಲಿನ ಕೋರ್ಟು ವಿವರವಾಗಿ ಬರೆಯುತ್ತದೆ, ಒಳ್ಳೆಯ ಪಾಠವೇ. ಆದರೆ ಅದು ಬರುವ ಹೊತ್ತಿಗೆ ಮೊದಲು ತೀರ್ಪು ಕೊಟ್ಟ ನ್ಯಾಯಾಧೀಶರು ಎಷ್ಟೋ ಸಲ ಬೇರೆ ಜಿಲ್ಲೆಯಲ್ಲಿರುತ್ತಾರೆ.

ಹಾಗಾಗಿ ನಿಜವಾದ ಕಲಿಕೆ ಚೇಂಬರಿನಲ್ಲಿ, ಊಟದ ಬಿಡುವಿನಲ್ಲಿ, ಫೋನಿನಲ್ಲಿ. ಸ್ಥಳ ನೋಡಿ ಬರಲು ಕೋರ್ಟು ಕಳಿಸಿದ ಕಮಿಷನರ ವರದಿಗೆ ಆಕ್ಷೇಪ ಬಂದರೆ ಮೊದಲು ಏನು ಮಾಡಬೇಕು? ಚಿಕ್ಕ ಮಗು ಸಾಕ್ಷಿ ಹೇಳಲು ಬಂದರೆ ಮಾತು ಹೇಗೆ ಶುರುಮಾಡಬೇಕು? ಇದನ್ನೆಲ್ಲ ಹಿರಿಯರನ್ನು ಕೇಳಿದರೆ ತಪ್ಪಿಲ್ಲ. ‘ಈ ಕೇಸಿನಲ್ಲಿ ಯಾರನ್ನು ಗೆಲ್ಲಿಸಲಿ?’ ಅಂತ ಮಾತ್ರ ಕೇಳುವ ಹಾಗಿಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಕರಡಾಗಿ, ಮುಂದಿನ ವರ್ಷ ಹೇಗ್ ನಗರದಲ್ಲಿ ಪಕ್ಕಾ ಆದ ನ್ಯಾಯಾಧೀಶರ ನಡವಳಿಕೆಯ ತತ್ವಗಳಲ್ಲಿ ಇದು ಸ್ಪಷ್ಟವಾಗಿದೆ: ತಾನೇ ತೀರ್ಮಾನಿಸಬೇಕಾದ ವಿಷಯದಲ್ಲಿ ನ್ಯಾಯಾಧೀಶರು ಸಹೋದ್ಯೋಗಿಗಳಿಂದಲೂ ಸ್ವತಂತ್ರರಾಗಿರಬೇಕು. ನಮ್ಮ ಜನ ಮಂತ್ರಿಗಳ ಒತ್ತಡದ ಬಗ್ಗೆ ಮಾತ್ರ ಮಾತಾಡುತ್ತಾರೆ. ಪಕ್ಕದ ಚೇಂಬರಿನ ಪ್ರೀತಿಯ ಸಲಹೆಯೂ ಒತ್ತಡವೇ, ಅಲ್ವಾ?

ಈಗ ನಮ್ಮ ಊರಿಗೆ ಬರೋಣ. 1956ರ ನವೆಂಬರ್ 1ರವರೆಗೆ ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರು. ಆಮೇಲೆ ಕೇರಳ. ಆದರೆ ನಮ್ಮ ಜಮೀನಿನ ಕಾಗದಗಳಲ್ಲಿರುವ ಪದ್ಧತಿಗಳು ಹಳೆಯ ಜಿಲ್ಲೆಯವೇ. ದಕ್ಷಿಣ ಕೇರಳದ ಕೊಲ್ಲಂ ಕಡೆಯಿಂದ ಇಲ್ಲಿಯ ವಿದ್ಯಾನಗರದ ಕೋರ್ಟಿಗೆ ವರ್ಗವಾಗಿ ಬಂದ ಒಬ್ಬರ ಮುಂದೆ ಕುಮ್ಕಿಯ, ಅಂದರೆ ಕೃಷಿಭೂಮಿಗೆ ತಾಗಿದ ಸರ್ಕಾರಿ ಜಾಗ ಬಳಸುವ ಸವಲತ್ತಿನ, ತಕರಾರು ಬಂತು ಅಂತಿಟ್ಟುಕೊಳ್ಳಿ. ವರ್ಗದಾರ, ಅಂದರೆ ಜಮೀನಿನ ಒಡೆಯ, ತನ್ನ ತೋಟದಾಚೆಯ ಸರ್ಕಾರಿ ಜಾಗದಲ್ಲಿ ಸೊಪ್ಪು ಕಡಿಯುತ್ತಾನೆ, ದನ ಮೇಯಿಸುತ್ತಾನೆ. ಮೇಲ್ನೋಟಕ್ಕೆ ಒತ್ತುವರಿ. ಕೃಷಿಭೂಮಿಗೆ ತಾಗಿದ 100 ಗಜದೊಳಗೆ ಈ ಸವಲತ್ತು ಹಿಂದಿನಿಂದ ಇದೆ ಅಂತ ತಿಳಿದವರಿಗೆ ಮಾತ್ರ ಪ್ರಶ್ನೆಯೇ ಬೇರೆಯಾಗಿ ಕಾಣುತ್ತದೆ.

ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನ ಪದ್ಧತಿಯದ್ದು ಇನ್ನೂ ಸೂಕ್ಷ್ಮ. ಕೇರಳದ ಅಂಥದ್ದೇ ಪದ್ಧತಿಯಾದ ಮರುಮಕ್ಕತ್ತಾಯಂ ಬಲ್ಲವರು ಇದೂ ಅದೇ ಅಂದುಕೊಳ್ಳುವುದು ಸಹಜ. ಆದರೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ ಪಾಲಾಗುತ್ತಿದ್ದದ್ದು ಕವರು, ಅಂದರೆ ಕುಟುಂಬದೊಳಗಿನ ತಾಯಿಯ ಕಡೆಯ ಕವಲು, ಲೆಕ್ಕದಲ್ಲಿ. ಹೆಣ್ಣಿನ ಕಡೆಯಿಂದ ಸಂತತಿ ಮುಂದುವರಿಯುವಂಥ ಕವರು ಕುಟುಂಬದಲ್ಲಿದ್ದರೆ, ಹಾಗೆ ಮುಂದುವರಿಯದ ನಿಸ್ಸಂತತಿ ಕವರಿಗೆ ಸಿಗುತ್ತಿದ್ದದ್ದು ಜೀವಮಾನದ ಹಕ್ಕು ಮಾತ್ರ. ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದು ಮಾಡಿದ 1975ರ ಕಾಯ್ದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂತು. ಆದರೆ 1950ರ ಪಾಲುಪತ್ರ ಇವತ್ತೂ ಕೋರ್ಟಿಗೆ ಬರುತ್ತದೆ. ಅವತ್ತು ಪಾಲು ಪಡೆದವರು ಯಾವ ಕವರಿನವರು ಅಂತ ನೋಡದಿದ್ದರೆ, ಅವರು ಮಾರಿದ ಜಾಗದ ಹಕ್ಕೇ ತಲೆಕೆಳಗು.

ಇದನ್ನೆಲ್ಲ ಕಾಸರಗೋಡಿನಲ್ಲಿ ಕೆಲಸ ಮಾಡಿದ ನ್ಯಾಯಾಧೀಶರು ಕಷ್ಟಪಟ್ಟು ಕಲಿಯುತ್ತಾರೆ. ಕಲಿತು ಮುಗಿಯುವಾಗ ವರ್ಗ. ಚಾರ್ಜು ಕೊಡುವಾಗ ದಾಖಲೆ, ಬೀಗದ ಕೈ, ಬಾಕಿ ಕೇಸುಗಳ ಪಟ್ಟಿ ಎಲ್ಲ ಕೈದಾಟುತ್ತದೆ. ಕಲಿತದ್ದನ್ನು ಕೊಡಲು ಯಾವ ಕಾಲಮ್ಮೂ ಇಲ್ಲ. ಮುಂದೆ ಬಂದವರಿಗೆ ಹೇಳುವವರು ಕೋರ್ಟು ಕಚೇರಿಯ ಶಿರಸ್ತೇದಾರರು, ಇಲ್ಲವೇ ವಕೀಲರು. ವಕೀಲರಿಗೆ ಕಕ್ಷಿದಾರ ಇರುತ್ತಾನೆ, ನೆನಪಿಟ್ಟುಕೊಳ್ಳಿ.

ಕಂಪ್ಯೂಟರ್ ಇದೆಯಲ್ಲ ಅಂತ ಕೆಲವರು ಹೇಳಬಹುದು. ಜಿಲ್ಲಾ ಕೋರ್ಟುಗಳಲ್ಲಿ ಎಐ ಬಳಕೆಗೆ ಕೇರಳ ಹೈಕೋರ್ಟು 2025ರ ಜುಲೈಯಲ್ಲಿ ನಿಯಮ ಮಾಡಿದೆ. ತೀರ್ಮಾನಕ್ಕೆ ಅದನ್ನು ಬಳಸುವ ಹಾಗಿಲ್ಲ. ಅನುವಾದಕ್ಕೆ ಬಳಸಿದರೂ ತಿಳಿದವರು ನೋಡಬೇಕು. ಸರಿಯೇ. ಅವಸರದ ಕೈಬರಹದ ಮೂಲಗೇಣಿ ಚೀಟನ್ನು, ಅಂದರೆ ಶಾಶ್ವತ ಗೇಣಿಯ ಪತ್ರವನ್ನು, ನಮ್ಮಲ್ಲೇ ಓದಬಲ್ಲವರು ಎಷ್ಟು ಮಂದಿ?

ನನ್ನ ಬೇಡಿಕೆ ಸಣ್ಣದು. ಕಾಸರಗೋಡಿನಿಂದ ವರ್ಗವಾಗಿ ಹೋಗುವ ಪ್ರತಿ ಸಿವಿಲ್ ನ್ಯಾಯಾಧೀಶರೂ ಕೆಲವು ಪುಟ ಬರೆದಿಡಲಿ. ಕುಮ್ಕಿ, ಮೂಲಗೇಣಿ, ವರ್ಷದಿಂದ ವರ್ಷಕ್ಕೆ ಕೊಡುವ ಚಾಲಗೇಣಿ, ಕವರು, ಇವುಗಳ ಮೇಲೆ ಯಾವ ತೀರ್ಪು ನೋಡಬೇಕು, ಯಾವ ಹಳೆಯ ದಾಖಲೆ ತರಿಸಬೇಕು ಅಂತ. ನಡೆಯುತ್ತಿರುವ ಯಾವ ಕೇಸಿನ ಸುದ್ದಿಯೂ ಅದರಲ್ಲಿ ಬೇಡ. ಅದನ್ನು ಅತ್ತಾಣಿಯ ಅಕಾಡೆಮಿ ಪರಿಶೀಲಿಸಿ, ಇಲ್ಲಿಗೆ ನೇಮಕವಾದವರಿಗೆ ಕೊಡಲಿ. ಒಂದು ಪ್ರತಿ ವಕೀಲರ ಲೈಬ್ರರಿಯಲ್ಲೂ ಇರಲಿ. ಜಡ್ಜ್ ಏನು ಓದಿ ಬಂದಿದ್ದಾರೆ ಅಂತ ಎರಡೂ ಕಡೆಯವರಿಗೆ ಗೊತ್ತಿದ್ದರೆ, ಅದರಲ್ಲಿ ತಪ್ಪಿದ್ದರೂ ತೆರೆದ ಕೋರ್ಟಿನಲ್ಲೇ ಎದ್ದು ನಿಂತು ಹೇಳಬಹುದು.