ರಾಣಿಗೆ ಹುಟ್ಟದ ಇಬ್ಬರು ರಾಜರು

ನಮಸ್ಕಾರ ಕೇಳುಗರೇ. ಅಂತರ್ಯುದ್ಧ ಗೆದ್ದು ಹೊಸ ರಾಜವಂಶ ಕಟ್ಟಿದವರು ಅಂದ ಕೂಡಲೇ ಎಲ್ಲರೂ ಇಂಗ್ಲೆಂಡಿನ ಹೆನ್ರಿ ಟ್ಯೂಡರ್ ಹೆಸರು ಹೇಳುತ್ತಾರೆ. ಅವನನ್ನು ಇವತ್ತು ಬಿಟ್ಟುಬಿಡೋಣ. ಅವನಿಗಿಂತ ನೂರು ವರ್ಷ ಮೊದಲು ಇಂದಿನ ಸ್ಪೇನಿಗೆ ಸೇರಿದ ಕ್ಯಾಸ್ಟೀಲ್ ರಾಜ್ಯದಲ್ಲೂ ಪಕ್ಕದ ಪೋರ್ಚುಗಲ್‌ನಲ್ಲೂ ಇಬ್ಬರು ಹೀಗೇ ಸಿಂಹಾಸನ ಹತ್ತಿದರು. ಇಬ್ಬರೂ ರಾಜರ ಮಕ್ಕಳೇ, ಆದರೆ ಇಬ್ಬರ ತಾಯಂದಿರೂ ರಾಣಿಯರಲ್ಲ.

1350ರಲ್ಲಿ ಕ್ಯಾಸ್ಟೀಲ್ ರಾಜ ಹನ್ನೊಂದನೇ ಅಲ್ಫೊನ್ಸೊ ಜಿಬ್ರಾಲ್ಟರ್ ಮುತ್ತಿಗೆಯಲ್ಲಿದ್ದಾಗ ಪ್ಲೇಗ್ ಬಂದು ಸತ್ತ. ರಾಣಿಯ ಮಗ ಪೆದ್ರೊಗೆ ಪಟ್ಟ ಸಿಕ್ಕಿತು. ಆದರೆ ಅಲ್ಫೊನ್ಸೊ ಸಂಸಾರ ಮಾಡಿದ್ದೆಲ್ಲ ಲಿಯೊನೊರ್ ದೆ ಗುಸ್ಮಾನ್ ಜೊತೆ, ಅವಳಿಗೆ ಮಕ್ಕಳ ದಂಡೇ ಇತ್ತು. ಮರುವರ್ಷವೇ ಅವಳ ಕೊಲೆಯಾಯಿತು. 1358ರಲ್ಲಿ ಅವಳ ಮಗ ಫದ್ರಿಕೆಯನ್ನು ಪೆದ್ರೊ ಸೆವಿಲ್ಲೆಯ ಅರಮನೆಯಲ್ಲೇ ಕೊಲ್ಲಿಸಿದ. ಉಳಿದ ಇನ್ನೊಬ್ಬ ಮಗ ಎನ್ರಿಕೆ ಸುಮ್ನೆ ಇರ್ತಾನಾ? 1366ರಲ್ಲಿ ಫ್ರಾನ್ಸಿನ ಕೂಲಿ ಸೈನಿಕರನ್ನು ಕರೆತಂದು ಕಿರೀಟ ಹಾಕಿಕೊಂಡ. ಮರುವರ್ಷ ನಾಹೆರಾದಲ್ಲಿ ಪೆದ್ರೊ ಪರವಾಗಿ ಇಂಗ್ಲೆಂಡಿನ ರಾಜಕುಮಾರ ಎಡ್ವರ್ಡ್ ಬಂದು ಎನ್ರಿಕೆಯನ್ನು ಚೆನ್ನಾಗಿ ಬಡಿದ. ಆದರೆ ಪೆದ್ರೊ ಒಪ್ಪಿಕೊಂಡ ಹಣ ಕೊಡಲಿಲ್ಲ, ಎಡ್ವರ್ಡ್ ಬೇಸತ್ತು ವಾಪಸ್ ಹೋದ. ನನ್ನ ಕೇಳಿದರೆ, ಪೆದ್ರೊ ರಾಜ್ಯ ಕಳೆದುಕೊಂಡದ್ದು ಆ ಬಾಕಿಯಿಂದಲೇ. 1369ರ ಮಾರ್ಚ್‌ನಲ್ಲಿ ಮೊಂಟಿಯೆಲ್‌ನಲ್ಲಿ ಒಂದು ಡೇರೆಯೊಳಗೆ ಎನ್ರಿಕೆ ಅವನನ್ನು ತನ್ನ ಕೈಯಾರೆ ಇರಿದು ಕೊಂದ.

ಕೊಂದಷ್ಟು ಸುಲಭವಾಗಿ ರಾಜ್ಯ ಉಳಿಸಿಕೊಳ್ಳೋಕಾಗಲ್ಲ ಅಲ್ವಾ? ಜೊತೆಗಿದ್ದವರಿಗೆಲ್ಲ ಊರು, ಜಮೀನು, ಬಿರುದು ಹಂಚಿ ಹಂಚಿ ಅವನಿಗೆ 'ಇನಾಮುಗಳ ಎನ್ರಿಕೆ' ಅಂತಲೇ ಹೆಸರು ಬಿತ್ತು. ಹೀಗೆ ತ್ರಸ್ತಾಮರ ವಂಶ ಶುರುವಾಯಿತು.

ಇನ್ನು ಪೋರ್ಚುಗಲ್. 1383ರಲ್ಲಿ ರಾಜ ಫೆರ್ನಾಂದು ಸತ್ತಾಗ ಇದ್ದದ್ದು ಒಬ್ಬಳೇ ಮಗಳು, ಬೆಯಾತ್ರಿಸ್. ಅವಳ ಗಂಡ ಯಾರು ಅಂದರೆ ಕ್ಯಾಸ್ಟೀಲ್ ರಾಜ ಹುವಾನ್, ಅಂದರೆ ಎನ್ರಿಕೆಯ ಮಗ. ದೇಶ ಪಕ್ಕದವರ ಪಾಲಾಗುತ್ತದೆ ಅಂತ ಲಿಸ್ಬನ್ ಜನ ದಂಗೆ ಎದ್ದರು, ಬಿಷಪ್ಪನನ್ನು ಚರ್ಚಿನ ಗೋಪುರದಿಂದಲೇ ಕೆಳಗೆ ಎಸೆದರು. ಮುಂದಾಳಾಗಿ ನಿಂತವನು ಫೆರ್ನಾಂದುವಿನ ಮಲತಮ್ಮ ಜೊವಾಂವ್. ಹುವಾನ್ 1384ರಲ್ಲಿ ಲಿಸ್ಬನ್ನಿಗೆ ಮುತ್ತಿಗೆ ಹಾಕಿದ, ಸೈನ್ಯಕ್ಕೆ ಪ್ಲೇಗ್ ಹತ್ತಿ ಹಿಂದಿರುಗಿದ.

ನನಗೆ ತುಂಬ ಇಷ್ಟವಾಗುವ ಭಾಗ, ರಾಜ ಯಾರಾಗಬೇಕು ಅಂತ ತೀರ್ಮಾನಿಸಲು ಸೇರಿದ 1385ರ ಕೊಯಿಂಬ್ರಾ ಸಭೆ. ಅಲ್ಲಿ ಜೊವಾಂವ್ ದಾಸ್ ರೆಗ್ರಾಸ್ ಅನ್ನೋ ವಕೀಲ ತನ್ನ ಕಡೆಯವನು ಸಕ್ರಮ ಸಂತಾನ ಅಂತ ವಾದಿಸಲೇ ಇಲ್ಲ. ಬದಲಿಗೆ ಉಳಿದವರೂ ಅಲ್ಲ ಅಂದ! ಬೆಯಾತ್ರಿಸ್ ತಾಯಿಗೆ ಮೊದಲೇ ಬೇರೆ ಗಂಡನಿದ್ದ, ಆದ್ದರಿಂದ ಆ ಮದುವೆ ಮದುವೆಯೇ ಅಲ್ಲ. ಫೆರ್ನಾಂದುವಿನ ತಂದೆಗೆ ಇನೆಸ್ ದೆ ಕಾಸ್ತ್ರೊ ಅನ್ನೋವಳಿಂದ ಹುಟ್ಟಿದ ಮಕ್ಕಳಿದ್ದಾರಲ್ಲ, ಅವರ ತಾಯಿ-ತಂದೆಯ ಮದುವೆಗೂ ಪುರಾವೆಯಿಲ್ಲ. ಹಾಗಾದರೆ ಸಿಂಹಾಸನ ಖಾಲಿ, ಸಭೆ ತನಗೆ ಬೇಕಾದವರನ್ನು ಆರಿಸಬಹುದು. ಫೆರ್ನಾಂದುವಿನ ಮಲತಮ್ಮ ಜೊವಾಂವ್‌ನನ್ನೇ ಆರಿಸಿತು. ಅದೇ ಆಗಸ್ಟ್ 14ರಂದು ಅಲ್ಜುಬರೋಟದಲ್ಲಿ ಜೊವಾಂವ್, ತನಗಿಂತ ತುಂಬ ದೊಡ್ಡದಾಗಿದ್ದ ಹುವಾನನ ಸೈನ್ಯವನ್ನು ಸೋಲಿಸಿದ. ಅವನ ಅವಿಶ್ ವಂಶ ನಿಂತಿತು. 1510ರಲ್ಲಿ ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಅಲ್ಬುಕರ್ಕ್ ಗೋವಾ ಹಿಡಿದಾಗ ಲಿಸ್ಬನ್ನಿನಲ್ಲಿ ಆಳುತ್ತಿದ್ದ ಮನುವೆಲ್, ಇದೇ ಜೊವಾಂವ್‌ನ ಮರಿಮಗ.

ಆಮೇಲೆ ಮದುವೆಗಳು. ಜೊವಾಂವ್ 1387ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ಡ್ಯೂಕನ ಮಗಳು ಫಿಲಿಪ್ಪಾಳನ್ನು ಮದುವೆಯಾದ. ಮರುವರ್ಷ ಅದೇ ಡ್ಯೂಕನ ಇನ್ನೊಬ್ಬ ಮಗಳು ಕತಲಿನಾಳನ್ನು ಎನ್ರಿಕೆಯ ಮೊಮ್ಮಗನಿಗೆ ತಂದುಕೊಂಡರು. ಕತಲಿನಾಳ ತಾಯಿ, ಮೊಂಟಿಯೆಲ್‌ನಲ್ಲಿ ಸತ್ತ ಪೆದ್ರೊನ ಮಗಳು. ಕೊಂದವನ ಮನೆಗೇ ಸತ್ತವನ ಮೊಮ್ಮಗಳು ಸೊಸೆ! ಕೊಲಂಬಸ್‌ನನ್ನು ಕಳಿಸಿದ ರಾಣಿ ಇಸಬೆಲ್ಲಾ ಈ ಕತಲಿನಾಳ ಮೊಮ್ಮಗಳು.